ಪರೀಕ್ಷೆಗೆ ಬಾರದ ಪುಸ್ತಕ

(ಕೊಳ್ಳೇಗಾಲದ ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಪ್ರತಿ ವರ್ಷ ಶಾಲೆ ತೆರೆಯುವಾಗ ನಾವು ಶುಲ್ಕ, ಸಮವಸ್ತ್ರ, ಗೈಡು, ಟ್ಯೂಷನ್ ಎಂದು ಸಾಲ ಮಾಡಿಯಾದರೂ ಹಣ ಹೊಂದಿಸುತ್ತೇವೆ. ಆ ಖರ್ಚಿನ ಪಟ್ಟಿಯಲ್ಲಿ ಒಂದು ಕಥೆ ಪುಸ್ತಕಕ್ಕೆ ಜಾಗವಿಲ್ಲ. ಮಗು ಎಲ್ಲಿಂದಲೋ ತಂದು ಓದುತ್ತಾ ಕುಳಿತರೆ, 'ಪಾಠ ಬಿಟ್ಟು ಇದೇನು?' ಎಂದು ಗದರುತ್ತೇವೆ. ಕಥೆ ಓದುವುದು ಸಿರಿವಂತರ ಮಕ್ಕಳ ಹವ್ಯಾಸವೆಂಬ ಭಾವನೆ ನಮ್ಮಲ್ಲಿದೆ.

ವಾಸ್ತವ ಇದಕ್ಕೆ ತದ್ವಿರುದ್ಧ. 2000ನೇ ಇಸವಿಯಲ್ಲಿ ಹಲವು ದೇಶಗಳ 15 ವರ್ಷದ ಮಕ್ಕಳ ಓದಿನ ಸಾಮರ್ಥ್ಯವನ್ನು ಅಳೆದ 'ಪಿಸಾ' ಪರೀಕ್ಷೆ ನಡೆಯಿತು. ಹೆತ್ತವರ ಉದ್ಯೋಗ ತೀರಾ ಕೆಳಸ್ತರದ್ದಾಗಿದ್ದರೂ ಆಸಕ್ತಿಯಿಂದ ಓದುವ ಮಕ್ಕಳು ಸರಾಸರಿ 540 ಅಂಕ ಪಡೆದರು. ಉನ್ನತ ಉದ್ಯೋಗದ ಮನೆಗಳಿಂದ ಬಂದು ಓದಿನಲ್ಲಿ ಆಸಕ್ತಿಯಿಲ್ಲದವರಿಗೆ ದೊರೆತದ್ದು 491. ರೇಷ್ಮೆ ನೂಲು ಬಿಚ್ಚುವವನ ಮಗನಿಗೆ ಇದಕ್ಕಿಂತ ಅಗ್ಗದ ಏಣಿ ಇನ್ನೊಂದಿದೆಯೇ?

ಇಂದು ಶಾಲೆಗಳು ಗಡಿಯಾಚೆಗಿನ ಶಾಲೆಗಳೊಂದಿಗೆ ಕೈಜೋಡಿಸುತ್ತಿವೆ. ಬ್ರಿಟಿಷ್ ಕೌನ್ಸಿಲ್ 'ಕನೆಕ್ಟಿಂಗ್ ಕ್ಲಾಸ್‌ರೂಮ್ಸ್' ಹೆಸರಿನಲ್ಲಿ ಬ್ರಿಟನ್ನಿನ ಶಾಲೆಗಳನ್ನು ಭಾರತವೂ ಸೇರಿದಂತೆ ಅನೇಕ ದೇಶಗಳ ಶಾಲೆಗಳೊಂದಿಗೆ ಬೆಸೆದಿತ್ತು. ಒಂದೇ ಕಥೆಯನ್ನು ಎರಡು ದೇಶಗಳ ಮಕ್ಕಳು ಓದಿ ಪರಸ್ಪರ ಪತ್ರ ಬರೆದರೆ ಆ ಓದಿಗೆ ಬೇರೆಯೇ ಹುರುಪು ಬರುತ್ತದೆ. ಅದಕ್ಕೆ ಪುಸ್ತಕವೆಲ್ಲಿ ಎನ್ನುವಿರಾ? ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ಜಾಲತಾಣದಲ್ಲಿ 300ಕ್ಕೂ ಹೆಚ್ಚು ಭಾಷೆಗಳ ಕಥೆಗಳಿವೆ. ಓದಲು, ಮುದ್ರಿಸಿಕೊಳ್ಳಲು, ಅನುವಾದಿಸಲು ಒಂದು ಪೈಸೆಯೂ ಬೇಡ. ಆಫ್ರಿಕಾದ ಮಕ್ಕಳಿಗಾಗಿ ಸಿದ್ಧವಾದ 'ಆಫ್ರಿಕನ್ ಸ್ಟೋರಿಬುಕ್' ಕಥೆಗಳೂ ಅಲ್ಲಿವೆ. ಕನ್ನಡವೂ ಇದೆ, ಉರ್ದುವೂ ಇದೆ.

ಆದರೆ ವಿದೇಶದ ಶಾಲೆಯ ಮಾತು ಹಾಗಿರಲಿ. ನಮ್ಮ ಊರಿನ ಉರ್ದು ಶಾಲೆಯ ಮಗುವಿಗೂ ಪಕ್ಕದ ಕನ್ನಡ ಶಾಲೆಯ ಮಗುವಿಗೂ ನಡುವೆ ಯಾವ ಪತ್ರ ಓಡಾಡಿದೆ? ಒಂದೇ ಕಥೆ ಎರಡೂ ಭಾಷೆಗಳಲ್ಲಿ ಸಿಗುವಾಗ ಮೊದಲ ಪಾಲುದಾರಿಕೆ ಈ ಎರಡು ಶಾಲೆಗಳ ನಡುವೆಯೇ ಏಕಾಗಬಾರದು? ಕೊಳ್ಳೇಗಾಲ, ಹನೂರು, ಯಳಂದೂರಿನ ಶಿಕ್ಷಕರು ಮನಸ್ಸು ಮಾಡಿದರೆ ಒಂದು ಮೊಬೈಲು, ಒಂದು ಪ್ರಿಂಟರು ಸಾಕು.

ಕನ್ನಡ ಓದಿದರೆ ಮಗು ನಮ್ಮ ಕೈತಪ್ಪುತ್ತದೆಂದು ಅಂಜುವವರು ಬಾನು ಮುಷ್ತಾಕ್ ಅವರನ್ನು ನೆನಪಿಸಿಕೊಳ್ಳಲಿ. ಉರ್ದು ಮನೆಮಾತಿನ ಆ ಹುಡುಗಿಯನ್ನು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು ಆರು ತಿಂಗಳಲ್ಲಿ ಕನ್ನಡ ಕಲಿಯಬೇಕೆಂಬ ಷರತ್ತಿನ ಮೇಲೆ. ಮುಸ್ಲಿಮ್ ಹೆಣ್ಣುಮಕ್ಕಳ ಬದುಕನ್ನೇ ಬರೆದ ಅವರ ಕಥೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಅಷ್ಟು ದೂರವೇಕೆ, ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಈ ಯಳಂದೂರಿನವಳೇ. ಹದಿನೇಳನೇ ಶತಮಾನದಲ್ಲಿ ಆಕೆ ಕಾವ್ಯ ಬರೆದಳು.

ಹೆಣ್ಣುಮಕ್ಕಳ ಮಾತು ಬಂದದ್ದರಿಂದ ನೇರವಾಗಿಯೇ ಕೇಳುತ್ತೇನೆ. ಗಂಡುಮಕ್ಕಳಿಗಾದರೂ ಗ್ರಂಥಾಲಯದ ದಾರಿ ಗೊತ್ತು. ನಿಮ್ಮ ಮಗಳು ಅದರ ಹೊಸ್ತಿಲು ದಾಟಿದ್ದಾಳೆಯೇ? ದಿನಪತ್ರಿಕೆ ಓದುವ ಗಂಡಸರೇ ತುಂಬಿರುವ ಕೋಣೆಗೆ ಹುಡುಗಿಯನ್ನು ಕಳುಹಿಸುವುದು ಹೇಗೆಂದು ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಾಗಾದರೆ ವಾರದಲ್ಲಿ ಒಂದು ಮಧ್ಯಾಹ್ನ ಮಕ್ಕಳಿಗೂ ತಾಯಂದಿರಿಗೂ ಮೀಸಲಿಡಿ ಎಂದು ನಾವು ಅರ್ಜಿ ಕೊಡಬೇಕು. ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುವ 'ಓದುವ ಬೆಳಕು' 2020ರಲ್ಲಿ ಆರಂಭವಾಯಿತು. ಹಳ್ಳಿಯ ನೆಂಟರಿಗೂ ಇದನ್ನು ತಿಳಿಸಿ.

ಪಟ್ಟಣದವರು ಇದನ್ನು ದಾನವೆಂದು ಬೇಡಬೇಕಾಗಿಲ್ಲ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರವನ್ನು ನೀವು ಕಟ್ಟುತ್ತಲೇ ಬಂದಿದ್ದೀರಿ. ಇಂದು ಮನೆಗೆ ಹೋದ ಮೇಲೆ ರಸೀದಿ ತೆಗೆದು ನೋಡಿ. ಅರ್ಜಿಗೆ ಸಹಿ ಹಾಕಲು ಬರುವಾಗ ಅದರ ಒಂದು ಪ್ರತಿಯನ್ನೂ ಜೊತೆಗೆ ತನ್ನಿ.