ಬಾಡಿಗೆ ಮನೆ ಮತ್ತು ಬಾಯಿಮಾತು



ಕೇಂದ್ರ ಸರಕಾರದ ಸೇವೆಯಲ್ಲಿ ವರ್ಗಾವಣೆಯಿಂದ ವರ್ಗಾವಣೆಗೆ ಊರು ಬದಲಿಸುತ್ತ ಬಂದ ನನಗೆ ಬಾಡಿಗೆ ಮನೆಯ ಬದುಕು ಚಿರಪರಿಚಿತ. ಮುಂಬಯಿಯ ನಮ್ಮವರಲ್ಲಿ ಪದೇ ಪದೇ ಕೇಳಿಬರುವ ಮಾತೊಂದಿದೆ: ‘ನಮ್ಮ ಕಡೆಯವರೇ ಅಲ್ಲವೆ, ಕಾಗದಪತ್ರವೇಕೆ?’ ಈ ಸೌಜನ್ಯದ ಬೆಲೆ ತಿಳಿಯುವುದು ಮನೆ ಬಿಡುವ ದಿನ. ನನ್ನ ಸಹೋದ್ಯೋಗಿಯೊಬ್ಬರು ನಗದಾಗಿ ಕೊಟ್ಟಿದ್ದ ಠೇವಣಿಯನ್ನು ಮಾಲೀಕರು ‘ಹಳೆಯ ಬಾಕಿ’ಗೆ ವಜಾ ಹಾಕಿಕೊಂಡರು. ರಸೀದಿಯಿರಲಿಲ್ಲ, ಅವರು ಬರಿಗೈಯಲ್ಲಿ ಹೊರಬಿದ್ದರು.

ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ, 1999ರ 55ನೆಯ ಕಲಮಿನಂತೆ ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಬೇಕು. ಅದರ ಹೊಣೆ ಮಾಲೀಕರದು. ತಪ್ಪಿದರೆ ಮೂರು ತಿಂಗಳವರೆಗಿನ ಸೆರೆವಾಸ, 5,000 ರೂಪಾಯಿವರೆಗಿನ ದಂಡ, ಇಲ್ಲವೆ ಎರಡೂ. ಹನ್ನೊಂದು ತಿಂಗಳ ‘ಲೀವ್ ಅಂಡ್ ಲೈಸೆನ್ಸ್’ ಕರಾರಿಗೂ ವಿನಾಯಿತಿಯಿಲ್ಲ. ಅಂಥ ಕರಾರಿಲ್ಲದಿದ್ದಲ್ಲಿ, ವ್ಯತಿರಿಕ್ತವಾಗಿ ಸಿದ್ಧವಾಗದ ಹೊರತು, ಷರತ್ತುಗಳ ಬಗ್ಗೆ ಬಾಡಿಗೆದಾರನ ಹೇಳಿಕೆಯೇ ನಿಲ್ಲುತ್ತದೆ. ಆದುದರಿಂದ ಬಾಯಿಮಾತು ಮಾಲೀಕರಿಗೂ ಅಪಾಯಕಾರಿ. ಬಾಡಿಗೆದಾರನಿಗಾದರೋ ಆ ರಕ್ಷಣೆ ದೊರೆಯುವುದು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ. ವರ್ಗಾವಣೆಯ ಆದೇಶ ಅಷ್ಟು ಕಾಲ ಕಾಯುವುದಿಲ್ಲ.

ಕೊಟ್ಟ ದಾನವನ್ನೂ ಕಲ್ಲಿನಲ್ಲಿ ಕೊರೆಸಿ, ಎಲ್ಲೆ ಗುರುತಿಸಿ, ಸಾಕ್ಷಿಗಳನ್ನು ಹೆಸರಿಸಿದ ನಾಡು ನಮ್ಮದು. ಬರೆಸುವುದರಲ್ಲಿ ಅಪನಂಬಿಕೆಯಿದೆಯೆಂದು ನಮ್ಮ ಹಿರಿಯರು ಭಾವಿಸಲಿಲ್ಲ. ಠೇವಣಿ, ಅವಧಿ, ದುರಸ್ತಿಯ ಹೊಣೆ, ತೆರವಿನ ನೋಟೀಸು ಈ ನಾಲ್ಕನ್ನು ತಪ್ಪದೆ ಬರೆಸಿರಿ, ನೋಂದಾಯಿಸಿರಿ. ಠೇವಣಿಯನ್ನು ಬ್ಯಾಂಕಿನ ಮೂಲಕವೇ ಸಲ್ಲಿಸಿರಿ. ಪರಸ್ಥಳದಲ್ಲಿ ನಮ್ಮವರ ನಡುವಣ ಸ್ನೇಹ ದೊಡ್ಡ ಆಸ್ತಿ. ಒಂದು ಕಾಗದದ ಕೊರತೆಯಿಂದ ಅದು ಕೆಡದಿರಲಿ.