ಮೊದಲ ಅರ್ಧ ತಾಸು
(ನದಿ ಮೂಲದವರು ಮತ್ತು ನದಿ ದಂಡೆಯವರು ಒಟ್ಟಾಗಿ ಸೇರುವ ಸಭೆಗಳ ಕುರಿತು ಮಾಡಿದ ಉಪನ್ಯಾಸದ ಬರಹ ರೂಪ)



ಪರಿಸರದ ಹೆಸರಿನಲ್ಲಿ ನಡೆಯುವ ಸಭೆಗಳಲ್ಲಿ ಒಂದು ದೃಶ್ಯ ಸಾಮಾನ್ಯ. ಘಟ್ಟದಿಂದ ಬಂದವರು ಒಂದು ಬದಿಯಲ್ಲಿ, ಬಯಲಿನಿಂದ ಬಂದವರು ಇನ್ನೊಂದು ಬದಿಯಲ್ಲಿ, ಹೆಂಗಸರು ಹಿಂದಿನ ಸಾಲಿನಲ್ಲಿ, ವಿದ್ಯಾರ್ಥಿಗಳು ಬಾಗಿಲ ಬಳಿ ಕುಳಿತಿರುತ್ತಾರೆ. ಸ್ವಾಗತ, ಭಾಷಣ, ನಿರ್ಣಯ, ವಂದನಾರ್ಪಣೆ ಎಲ್ಲವೂ ಕ್ರಮವಾಗಿ ಮುಗಿಯುತ್ತವೆ. ಬಂದವರು ಬಂದ ಹಾಗೆಯೇ ಹಿಂತಿರುಗುತ್ತಾರೆ. ಪಕ್ಕದಲ್ಲಿ ಕುಳಿತವರು ಯಾವ ಊರಿನವರೆಂಬುದೂ ತಿಳಿದಿರುವುದಿಲ್ಲ.

ಅಥಣಿ ತಾಲೂಕಿನ ಸತ್ತಿ ಕೃಷ್ಣೆಯ ದಂಡೆಯ ಊರು. ಅಲ್ಲಿಯವರು ಕಾಣುವ ನೀರು ಮಹಾಬಳೇಶ್ವರದ ಬೆಟ್ಟಗಳಲ್ಲಿ ಹುಟ್ಟಿದ್ದು. ಕರಾಡದಲ್ಲಿ ಕೊಯ್ನಾ, ಸಾಂಗಲಿಯ ಬಳಿ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ ಕೂಡಿಕೊಂಡ ಮೇಲೆ ನದಿ ಕರ್ನಾಟಕಕ್ಕೆ ಬರುತ್ತದೆ. ಮುಂದೆ ದೂಧಗಂಗಾ ಸೇರುತ್ತದೆ. ಇವೆಲ್ಲವೂ ಸಹ್ಯಾದ್ರಿಯ ಮಕ್ಕಳೇ. 2019ರ ಬೇಸಿಗೆಯಲ್ಲಿ ಈ ನದಿ ಬತ್ತಿತು; ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬಿಡಿಸಬೇಕೆಂದು ಅಥಣಿ ಸೀಮೆಯ ಜನ ಬೇಡಿಕೆಯಿಟ್ಟರು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ನದಿ ಹೊಲ ಮನೆಗಳಿಗೆ ನುಗ್ಗಿತು. 2005ರಲ್ಲೂ 2021ರಲ್ಲೂ ಕೃಷ್ಣಾ ತೀರ ನೆರೆಯನ್ನು ಕಂಡಿದೆ. ಆಲಮಟ್ಟಿಯ ಹಿನ್ನೀರಿನಿಂದ ತಮಗೆ ನೆರೆಯೆಂದು ಸಾಂಗಲಿಯ ಕಡೆಯವರು ದೂರುತ್ತಾರೆ. ಕೊಯ್ನೆಯಿಂದ ಒಮ್ಮೆಗೇ ನೀರು ಬಿಟ್ಟರೆಂದು ಈ ಕಡೆಯವರು ದೂರುತ್ತಾರೆ. ಹೀಗೆ ದೂರುವ ಇಬ್ಬರನ್ನು ಒಂದೇ ಜಮಖಾನೆಯ ಮೇಲೆ ಕೂಡಿಸಿ ನೇರವಾಗಿ ವಿಷಯಕ್ಕೆ ಇಳಿದರೆ ಜಗಳವಾಗುತ್ತದೆ, ಇಲ್ಲವೇ ಮೌನ ಆವರಿಸುತ್ತದೆ. ಆದುದರಿಂದ ಮೊದಲ ಅರ್ಧ ತಾಸು ಪರಿಚಯಕ್ಕೆ ಮೀಸಲಾಗಬೇಕು.

ನಗರದ ತರಬೇತಿಗಳಲ್ಲಿ ಇದಕ್ಕೆ ‘ಐಸ್‌ಬ್ರೇಕರ್’ ಎನ್ನುತ್ತಾರೆ. ಹೆಸರು ಹೊರಗಿನದಾದರೂ ಕೆಲಸ ಹೊಸದಲ್ಲ. ಉತ್ತರ ಕನ್ನಡದ ಮನೆಗಳಲ್ಲಿ ಬಂದವರಿಗೆ ಮೊದಲು ಆಸರಿಗೆ ಕೇಳಿ, ಬೆಲ್ಲ ನೀರು ಕೊಟ್ಟು, ಅನಂತರವೇ ಬಂದ ಕಾರಣ ಕೇಳುವುದು ಪದ್ಧತಿ. ಅಥಣಿ ಸೀಮೆಯ ಮದುವೆ ಮನೆಗಳಲ್ಲಿ ಹೆಣ್ಣುಮಕ್ಕಳು ಒಡಪು ಕಟ್ಟಿ ಗಂಡನ ಹೆಸರು ಹೇಳುತ್ತಾರೆ. ಒಂದು ನಗುವಿನಲ್ಲಿ ಎರಡು ಬೀಗರ ಮನೆಗಳ ಬಿಗುವು ಸಡಿಲಾಗುತ್ತದೆ. ಚಳವಳಿಗಳಿಗೂ ಈ ಅರಿವಿತ್ತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತಾಗ ಆರಂಭವಾದ ಅಪ್ಪಿಕೊ ಚಳವಳಿ ಊರಿಂದೂರಿಗೆ ಹಬ್ಬಿದ್ದು ಪಾದಯಾತ್ರೆ, ಯಕ್ಷಗಾನಗಳ ಜೊತೆಯಲ್ಲಿ. 1987ರ ನವೆಂಬರಿನಲ್ಲಿ ಉತ್ತರದ ನವಾಪುರದಿಂದಲೂ ದಕ್ಷಿಣದ ಕನ್ಯಾಕುಮಾರಿಯಿಂದಲೂ ಹೊರಟ ಪಶ್ಚಿಮಘಟ್ಟ ಉಳಿಸಿ ಯಾತ್ರೆಯ ತಂಡಗಳು 1988ರ ಫೆಬ್ರವರಿಯಲ್ಲಿ ಗೋವಾದಲ್ಲಿ ಕೂಡಿದವು. ಜೊತೆಯಾಗಿ ನಡೆದವರಿಗೆ ಪರಿಚಯದ ಆಟ ಬೇಕಾಗುವುದಿಲ್ಲ. ಒಂದೇ ದಿನದ ಸಭೆಗೆ ಬಂದವರಿಗೆ ಬೇಕು.

ಅದಕ್ಕೆ ನಾಲ್ಕು ಬಗೆಗಳನ್ನು ಇಲ್ಲಿ ವಿವರಿಸಬಹುದು.

ಮೊದಲನೆಯದು ಜೋಡಿ ಪರಿಚಯ. ಬೇರೆ ಬೇರೆ ಊರಿನ ಇಬ್ಬರು ಜೊತೆಗೂಡಿ ತಲಾ ಎರಡು ನಿಮಿಷ ಮಾತಾಡುತ್ತಾರೆ. ಬಳಿಕ ಪ್ರತಿಯೊಬ್ಬರೂ ತಮ್ಮನ್ನಲ್ಲ, ಜೊತೆಗಾರರನ್ನು ಸಭೆಗೆ ಪರಿಚಯಿಸುತ್ತಾರೆ. ತಲಾ ಅರ್ಧ ನಿಮಿಷದಂತೆ 30 ಜನರಿಗೆ 15 ನಿಮಿಷ ಸಾಕು. ತನ್ನ ಬಗ್ಗೆ ಹೇಳಿಕೊಳ್ಳಲು ಸಂಕೋಚಪಡುವವರೂ ಇನ್ನೊಬ್ಬರ ಬಗ್ಗೆ ಧೈರ್ಯವಾಗಿ ಹೇಳುತ್ತಾರೆ. ಹೇಳಬೇಕಾದ್ದರಿಂದ ಗಮನವಿಟ್ಟು ಕೇಳುತ್ತಾರೆ.

ಎರಡನೆಯದು ಹಳ್ಳದ ಒಡಪು. ಗಂಡನ ಹೆಸರಿನ ಜಾಗದಲ್ಲಿ ತಮ್ಮೂರಿನ ಹಳ್ಳದ, ಕೆರೆಯ ಅಥವಾ ನದಿಯ ಹೆಸರು ಬರುವಂತೆ ಎರಡು ಸಾಲು ಕಟ್ಟಿ ಹೇಳುವುದು. ಇದರಲ್ಲಿ ಅಜ್ಜಿಯರು ಗೆಲ್ಲುತ್ತಾರೆ, ಪದವೀಧರರು ತಡವರಿಸುತ್ತಾರೆ. ಸಭೆಯ ಮೇಲು ಕೀಳು ಹೀಗೆ ಒಮ್ಮೆ ತಲೆಕೆಳಗಾಗುವುದು ಒಳ್ಳೆಯದು.

ಮೂರನೆಯದು ಬೆನ್ನಿನ ಚೀಟಿ. ಅಮೆರಿಕದ ಜೋಸೆಫ್ ಕಾರ್ನೆಲ್ 1979ರಲ್ಲಿ ಮಕ್ಕಳ ನಿಸರ್ಗ ಶಿಕ್ಷಣಕ್ಕಾಗಿ ಬರೆದ ಪುಸ್ತಕದ ಬಳಿಕ ಇಂತಹ ಆಟಗಳು ಹಲವು ದೇಶಗಳ ಶಿಬಿರಗಳಲ್ಲಿ ಬಳಕೆಗೆ ಬಂದವು. ಮಂಗಟ್ಟೆ, ನೀರುನಾಯಿ, ಮತ್ತಿ, ಜಾಲಿ ಎಂದು ಬರೆದ ಚೀಟಿಯನ್ನು ಬೆನ್ನಿಗೆ ಅಂಟಿಸುತ್ತಾರೆ. ತಾನು ಯಾರೆಂಬುದನ್ನು ಇತರರಿಗೆ ಪ್ರಶ್ನೆ ಹಾಕಿ ಕಂಡುಕೊಳ್ಳಬೇಕು. ಉತ್ತರ ಹೌದು ಅಥವಾ ಅಲ್ಲ. ಕನ್ನಡ, ಮರಾಠಿ ಎರಡೂ ಬೆರೆಯುವ ಗಡಿಸೀಮೆಗೆ ಈ ಆಟ ಹೊಂದುತ್ತದೆ. ಅಕ್ಷರ ಬಾರದವರಿದ್ದರೆ ಚಿತ್ರ ಬರೆದರಾಯಿತು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ನೆಲದ ಮೇಲಿನ ನದಿ. ಅಂಗಳದಲ್ಲಿ ಸುಣ್ಣದಿಂದಲೋ ರಂಗೋಲಿ ಪುಡಿಯಿಂದಲೋ ಕೃಷ್ಣೆಯನ್ನೂ ಉಪನದಿಗಳನ್ನೂ ಎಳೆದು ಪ್ರತಿಯೊಬ್ಬರೂ ತಮ್ಮ ಊರಿರುವಲ್ಲಿ ನಿಲ್ಲುವುದು. ಸತ್ತಿಯವರು ನಡುವೆ ನಿಲ್ಲುತ್ತಾರೆ. ಖಾನಾಪುರದ ಕಾಡಿನವರು ಮಲಪ್ರಭೆಯ ಗೆರೆ ಹಿಡಿದು ಕೂಡಲಸಂಗಮದಲ್ಲಿ ಈ ನೀರನ್ನು ಕೂಡುತ್ತಾರೆ. ಅಘನಾಶಿನಿ, ಬೇಡ್ತಿ ಕಣಿವೆಯವರು ಪಶ್ಚಿಮಕ್ಕೆ ಮುಖ ಮಾಡಿ ಬೇರೆಯೇ ನಿಲ್ಲಬೇಕಾಗುತ್ತದೆ. ಮಳೆ ಸುರಿಸುವ ಬೆಟ್ಟಸಾಲು ಮಾತ್ರ ಒಂದೇ. ಬಳಿಕ ಒಂದು ತಂಬಿಗೆ ನೀರನ್ನು ಮೂಲದ ತುದಿಯಿಂದ ಕೈಯಿಂದ ಕೈಗೆ ದಾಟಿಸುತ್ತಾರೆ. ತಂಬಿಗೆ ಕೈಗೆ ಬಂದಾಗ ಪ್ರತಿಯೊಬ್ಬರೂ ಎರಡು ಮಾತು ಹೇಳಬೇಕು: ಮೇಲಿನಿಂದ ತಮಗೆ ಏನು ಬರುತ್ತದೆ, ತಮ್ಮಿಂದ ಕೆಳಗೆ ಏನು ಹೋಗುತ್ತದೆ. ಮಣ್ಣು, ಗೊಬ್ಬರದ ಉಪ್ಪು, ಊರ ಕೊಳಚೆ, ನೆರೆ, ಬರಿದಾದ ಮರಳು ಎಲ್ಲವೂ ಅಲ್ಲಿ ಬಾಯಿಗೆ ಬರುತ್ತವೆ. ದೂರುವವರು ಸಹ ತಮ್ಮ ಕೆಳಗೆ ಇನ್ನೊಬ್ಬರು ನಿಂತಿರುವುದನ್ನು ಕಣ್ಣಾರೆ ಕಾಣುತ್ತಾರೆ.

ಕೆಲವು ಎಚ್ಚರಿಕೆಗಳೂ ಅಗತ್ಯ. ಅಡ್ಡಹೆಸರು ಕೇಳಬಾರದು, ಅದು ಜಾತಿ ಕೇಳಿದಂತೆಯೇ ಆಗುತ್ತದೆ. ಮೈಮುಟ್ಟುವ ಆಟಗಳು ಹಳ್ಳಿಯ ಹೆಣ್ಣುಮಕ್ಕಳಿಗೆ ಮುಜುಗರ ತರುತ್ತವೆ. ನೆರೆಯಲ್ಲಿ ಮನೆ ಕಳೆದುಕೊಂಡವರಿಂದ ಮೊದಲ ಗಳಿಗೆಯಲ್ಲೇ ನಷ್ಟದ ಕಥೆ ಹೇಳಿಸಬಾರದು. ಸುಮ್ಮನೆ ನೋಡುತ್ತ ಕೂರುವ ಹಕ್ಕು ಎಲ್ಲರಿಗೂ ಇರಬೇಕು. ಸಂಘಟಕರು ವೇದಿಕೆಯಿಂದ ಇಳಿದು ತಾವೂ ಆಟದಲ್ಲಿ ಸೇರದಿದ್ದರೆ ಅದು ಶಾಲೆಯ ಕವಾಯತಾಗುತ್ತದೆ.

ಆಟ ಮುಗಿದ ಮೇಲೆ ಒಂದು ಕೆಲಸ ಉಳಿಯಬೇಕು. ಗೆರೆಯ ಮೇಲೆ ಪಕ್ಕಪಕ್ಕ ನಿಂತವರು ಪರಸ್ಪರ ಫೋನ್ ಸಂಖ್ಯೆ ಬರೆದುಕೊಳ್ಳಬೇಕು. ಘಟ್ಟದಲ್ಲಿ ಮೂರು ದಿನ ಬಿಡದೆ ಮಳೆ ಹೊಡೆದಾಗ, ಸರಕಾರದ ಎಚ್ಚರಿಕೆಯ ಜೊತೆಗೆ ಮೇಲಿನ ಊರಿನ ಪರಿಚಿತರೊಬ್ಬರ ದನಿಯೂ ಕೆಳಗಿನ ಊರಿಗೆ ತಲುಪಿದರೆ ದನಕರುಗಳನ್ನು ಬಿಚ್ಚಲು, ಕಾಳುಕಡಿ ಎತ್ತಿಡಲು, ಮುದುಕರನ್ನು ಸಾಗಿಸಲು ಸಮಯ ಸಿಗುತ್ತದೆ. ಹೆಸರು ತಿಳಿಯದವರಿಗೆ ಯಾರೂ ನಡುರಾತ್ರಿ ಫೋನು ಮಾಡುವುದಿಲ್ಲ. ಮೊದಲ ಅರ್ಧ ತಾಸಿನ ಬೆಲೆ ಇರುವುದು ಅಲ್ಲಿ.