ಟ್ಯಾಬ್‌ಗಳ ಕಾಟ ಮತ್ತು ಮನೆಯ ಬೀಗದಕೈ
(ಮಹಿಳಾ ವಿಭಾಗದ ಆನ್‌ಲೈನ್ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಬ್ಯಾಂಕು, ರೈಲ್ವೆ ಟಿಕೆಟ್ಟು, ಕರೆಂಟ್ ಬಿಲ್ಲು, ಅಡುಗೆ ವಿಡಿಯೊ ಎಂದು ಒಂದೊಂದನ್ನೇ ತೆರೆಯುತ್ತಾ ಹೋದರೆ ಮಧ್ಯಾಹ್ನದ ಹೊತ್ತಿಗೆ ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್‌ಗಳು ಸಾಲುಗಟ್ಟಿರುತ್ತವೆ. ಯಾವುದು ಎಲ್ಲಿದೆ ಗೊತ್ತಾಗುವುದಿಲ್ಲ. ಯಾವುದೋ ಒಂದು ತಾನಾಗಿಯೇ ಹಾಡತೊಡಗುತ್ತದೆ. ಕಂಪ್ಯೂಟರ್ ನಿಧಾನವಾಗುತ್ತದೆ. ಆಗ ಯಾರಾದರೂ, "ಒಂದು ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ, ಸರಿಹೋಗುತ್ತೆ" ಅನ್ನುತ್ತಾರೆ.

ಎಕ್ಸ್‌ಟೆನ್ಷನ್ ಎಂದರೆ ಬ್ರೌಸರ್‌ಗೆ ಜೋಡಿಸುವ ಪುಟ್ಟ ತಂತ್ರಾಂಶ. 'ಒನ್‌ಟ್ಯಾಬ್' ಎಂಬುದು ತೆರೆದ ಟ್ಯಾಬ್‌ಗಳನ್ನೆಲ್ಲ ಒಂದೇ ಪಟ್ಟಿಯಾಗಿ ಮಾಡಿಕೊಡುತ್ತದೆ. ಉಪಯೋಗವಿದೆ, ಇಲ್ಲವೆನ್ನುವುದಿಲ್ಲ. ಆದರೆ ಹಾಕುವಾಗ ಬರುವ ಅನುಮತಿಯ ಸಾಲನ್ನು ಓದಿ. ಎಷ್ಟೋ ಎಕ್ಸ್‌ಟೆನ್ಷನ್‌ಗಳು ಎಲ್ಲ ಜಾಲತಾಣಗಳಲ್ಲಿರುವ ನಮ್ಮ ಮಾಹಿತಿಯನ್ನು ಓದುವ, ಬದಲಿಸುವ ಅನುಮತಿ ಕೇಳುತ್ತವೆ. ಅದರಲ್ಲಿ ನಮ್ಮ ಬ್ಯಾಂಕಿನ ಪುಟವೂ ಸೇರಿತು.

'ದಿ ಗ್ರೇಟ್ ಸಸ್ಪೆಂಡರ್' ಎಂಬ ಎಕ್ಸ್‌ಟೆನ್ಷನ್ ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಕಂಪ್ಯೂಟರನ್ನು ಹಗುರ ಮಾಡುತ್ತಿತ್ತು. 20 ಲಕ್ಷಕ್ಕೂ ಹೆಚ್ಚು ಜನ ಬಳಸುತ್ತಿದ್ದರು. 2020ರಲ್ಲಿ ಅದನ್ನು ನಡೆಸುತ್ತಿದ್ದವರು ಬೇರೆಯವರಿಗೆ ಮಾರಿದರು. 2021ರ ಫೆಬ್ರವರಿಯಲ್ಲಿ ಗೂಗಲ್, ಅದರಲ್ಲಿ ಕೇಡಿನ ತಂತ್ರಾಂಶವಿದೆಯೆಂದು ತೆಗೆದುಹಾಕಿತು. ನಂಬಿಕೆಯ ನೆರೆಮನೆಯವರ ಹತ್ತಿರ ಕೊಟ್ಟಿದ್ದ ಬೀಗದಕೈ, ಅವರು ಮನೆ ಖಾಲಿ ಮಾಡಿದಾಗ ಹೊಸಬರ ಕೈಗೆ ಹೋದಂತೆ ಇದು. ಎಕ್ಸ್‌ಟೆನ್ಷನ್‌ಗಳು ತಾವಾಗಿಯೇ ಅಪ್‌ಡೇಟ್ ಆಗುವುದರಿಂದ ಕೈ ಬದಲಾದದ್ದು ನಮ್ಮ ಗಮನಕ್ಕೆ ಬರುವುದೇ ಕಷ್ಟ.

ಆದ್ದರಿಂದ ಮೊದಲು ಬ್ರೌಸರ್‌ನಲ್ಲೇ ಇರುವ ಸೌಲಭ್ಯ ಬಳಸೋಣ. ಕ್ರೋಮ್‌ನಲ್ಲಿ ಟ್ಯಾಬ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿದರೆ, ದಿನವೂ ಬೇಕಾದುದನ್ನು ಪಿನ್ ಮಾಡಬಹುದು, ಗದ್ದಲದ ತಾಣದ ಬಾಯಿ ಮುಚ್ಚಿಸಬಹುದು, ಟಿಕೆಟ್ಟಿನದನ್ನೆಲ್ಲ ಒಂದು ಬಣ್ಣದ ಗುಂಪಿಗೆ ಸೇರಿಸಬಹುದು. ಕೈತಪ್ಪಿ ಮುಚ್ಚಿದ ಟ್ಯಾಬ್ ವಾಪಸ್ ಬೇಕೇ? ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ. ಟ್ಯಾಬ್ ಮಲಗಿಸಲು ಸೆಟ್ಟಿಂಗ್ಸ್‌ನ 'ಪರ್ಫಾರ್ಮೆನ್ಸ್' ವಿಭಾಗದಲ್ಲಿ 'ಮೆಮೊರಿ ಸೇವರ್' ಇದೆ.

ಇಷ್ಟಾದ ಮೇಲೂ ಎಕ್ಸ್‌ಟೆನ್ಷನ್ ಬೇಕೆನಿಸಿದರೆ ಒಂದೋ ಎರಡೋ ಸಾಕು. ಯಾರು ಮಾಡಿದ್ದು, ಏನು ಅನುಮತಿ ಕೇಳುತ್ತದೆ ಎಂದು ನೋಡಿ ಹಾಕಿ. ಬ್ಯಾಂಕಿನ ಕೆಲಸವನ್ನು ಇನ್‌ಕಾಗ್ನಿಟೊ ಕಿಟಕಿಯಲ್ಲಿ ಮಾಡಿ. ನಾವಾಗಿ ಅನುಮತಿ ಕೊಡದ ಹೊರತು ಎಕ್ಸ್‌ಟೆನ್ಷನ್‌ಗಳು ಅಲ್ಲಿ ನಡೆಯುವುದಿಲ್ಲ.

ನಮ್ಮಲ್ಲಿ ಅನೇಕರ ಕಂಪ್ಯೂಟರನ್ನು ಮಗನೋ ಮಗಳೋ ಸರಿಮಾಡಿಕೊಟ್ಟು ಮತ್ತೊಂದು ಊರಿಗೆ ಹೋಗಿರುತ್ತಾರೆ. ಅವರು ಏನೇನು ಹಾಕಿದ್ದಾರೆಂದು ನಾವು ಕೇಳಿರುವುದಿಲ್ಲ. ಕ್ರೋಮ್‌ನ ಮೂಲೆಯಲ್ಲಿರುವ ಮೂರು ಚುಕ್ಕೆ ಒತ್ತಿ, 'ಎಕ್ಸ್‌ಟೆನ್ಷನ್ಸ್' ಪಟ್ಟಿಯನ್ನು ಇವತ್ತೇ ತೆರೆಯಿರಿ. ಗುರುತಿಲ್ಲದ್ದು ಕಂಡರೆ ಫೋನ್ ಮಾಡಿ ಕೇಳಿ, ಬೇಡದ್ದನ್ನು ತೆಗೆಯಿರಿ. ದುಡ್ಡು ನಮ್ಮದು, ಪಾಸ್‌ವರ್ಡ್ ನಮ್ಮದು. ಆ ಪಟ್ಟಿಯನ್ನು ನೋಡುವ ಕೆಲಸವೂ ನಮ್ಮದೇ ಆಗಲಿ.